ಮೆತ್ತಗಿದ್ದರೆ ಆರಾಮ ಅಂದಿದ್ದೆ, ತಪ್ಪಾಯ್ತು: ಏರ್ ಸಸ್ಪೆನ್ಷನ್ ಗಾಡಿಗೆ ಶಾಕ್ ಬದಲಿಸಿದ ಕಥೆ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಸೊರಟೂರದಿಂದ ಮಾತಾಡ್ತಾ ಇದ್ದೀನಿ. ಹೊರಗ ಮಳಿ ಹನಿ ಹಾಕಾಕತ್ತೈತಿ, ತಗಡಿನ ಸಪ್ಪಳ ಮೈಕಿನಾಗ ಬಂದ್ರ ಹೊಟ್ಟ್ಯಾಗ ಹಾಕ್ಕೋರಿ.

ಇವತ್ತಿನ ಕಂತು ಒಂದು ತಿದ್ದುಪಡಿ. ಹಿಂದೊಮ್ಮೆ ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋದರ ಬಗ್ಗೆ ಮಾತಾಡುವಾಗ ನಾನು ಒಂದು ಮಾತು ಹೇಳಿದ್ದೆ. "ಏರ್ ಸಸ್ಪೆನ್ಷನ್ ಇರೋ ಗಾಡಿಗೆ ಶಾಕ್ ಅಬ್ಸಾರ್ಬರ್ ಹೆಸರಿಗಷ್ಟೇ, ಗಾಳಿನೇ ಎಲ್ಲಾ ನೋಡ್ಕೊಳ್ತದ, ಗಾಡಿ ಎಷ್ಟು ಮೆತ್ತಗಿದ್ರ ಅಷ್ಟು ಆರಾಮ" ಅಂತ. ಆ ಮಾತು ತಪ್ಪು. ಬರೀ ತಪ್ಪಲ್ಲ, ಅಪಾಯದ ಮಾತು. ಅದನ್ನ ನಂಬಿದವರಲ್ಲಿ ಮೊದಲನೆಯವನು ನಮ್ಮ ದೊಡ್ಡಪ್ಪನ ಮಗ, ನಮ್ಮಣ್ಣ. ಅದರ ಬೆಲೆ ಕಟ್ಟಿದವರು ನಮ್ಮ ದೊಡ್ಡವ್ವ.

ಗಾಡಿ ಬಂದ ಕಥೆ

ಅಣ್ಣ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳ ಸೈಟಿನಲ್ಲಿ ಗುತ್ತಿಗೆ ಕೆಲಸ ಮಾಡ್ತಾನೆ. ಗಾಳಿಯಂತ್ರ ಅಂದರೆ ಗೊತ್ತಲ್ಲ, ಗುಡ್ಡದ ನೆತ್ತಿ ಮೇಲೆ ಇರ್ತವೆ. ಅಲ್ಲಿಗೆ ಹೋಗೋ ದಾರಿ ಒಂದು ಕಡೆ ಮಸಾರಿ ಮಣ್ಣು, ಗರಸು, ಕಲ್ಲು. ಕೆಳಗಿಳಿದರೆ ನಮ್ಮ ಎರಿ ಹೊಲದ ದಾರಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿ ಜಾಡು ಮೊಣಕಾಲುದ್ದ ಇರುತ್ತೆ. ಅವನಿಗೆ ಹೊಟ್ಟೆ ನೆಲಕ್ಕೆ ತಾಗದ, ನಾಲ್ಕೂ ಗಾಲಿ ಎಳೆಯೋ ಗಾಡಿ ಬೇಕಿತ್ತು.

ಬೆಂಗಳೂರಿನಲ್ಲಿ ಒಂದು ಹಳೇ ವಿದೇಶಿ ಫೋರ್ ಬೈ ಫೋರ್ ಸಿಕ್ತು. ಯಾವ ಕಂಪನಿ ಅಂತ ಹೇಳಲ್ಲ, ಯಾಕಂದ್ರೆ ತಪ್ಪು ಕಂಪನಿದಲ್ಲ, ಹತ್ತು ವರ್ಷ ಓಡಿಸಿ ನೋಡದೇ ಬಿಟ್ಟವರದ್ದು, ಆಮೇಲೆ ನನ್ನದು. ಅದಕ್ಕೆ ನಾಲ್ಕೂ ಕಡೆ ಏರ್ ಸಸ್ಪೆನ್ಷನ್. ಒಂದು ಬಟನ್ ಒತ್ತಿದರೆ ಗಾಡಿ ಮೇಲೇಳುತ್ತೆ, ಇನ್ನೊಂದು ಒತ್ತಿದರೆ ಕುಂಡಿ ಇಳಿಸಿ ಕೂರುತ್ತೆ. ಊರಿಗೆ ಬಂದ ದಿನ ಓಣಿ ಹುಡುಗರೆಲ್ಲ ನೋಡೋಕೆ ಬಂದಿದ್ದರು. ಒಂದು ತಾಸು ಏರಿಸೋದು ಇಳಿಸೋದೇ ಆಯ್ತು.

ಈ ಗಾಡಿ ತಗೊಳ್ಳೋಕೆ ಇನ್ನೊಂದು ಕಾರಣ ದೊಡ್ಡವ್ವ. ಅವರಿಗೆ ಬೆನ್ನಿನ ಆಪರೇಷನ್ ಆಗಿದೆ. ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಗದಗಿಗೆ ಹೋಗಬೇಕು. ಬಸ್ಸು, ಟಂಟಂ ಎಲ್ಲಾ ನೋಡಿ ಸಾಕಾಗಿತ್ತು. "ಮೆತ್ತನ ಗಾಡಿ ತಗೋ, ದೊಡ್ಡವ್ವಗ ಆರಾಮ ಆಗತೈತಿ" ಅಂದವನು ನಾನೇ.

ಆ ಸಂಜೆ

ಗಾಡಿ ಬಂದು ಎರಡು ತಿಂಗಳಾಗಿತ್ತು. ಗದಗಿನಿಂದ ವಾಪಸ್ ಬರ್ತಾ ಇದ್ವಿ. ಅಣ್ಣ ಓಡಿಸ್ತಾ ಇದ್ದ, ನಾನು ಪಕ್ಕದಲ್ಲಿ, ದೊಡ್ಡವ್ವ ಹಿಂದೆ. ಸುಮಾರು 60ರ ವೇಗ. ಡಾಂಬರು ರಸ್ತೆನೇ, ತೆಗ್ಗು ಇರಲಿಲ್ಲ. ಆದರೆ ಸಣ್ಣ ಸೇತುವೆಯ ಎರಡೂ ಕಡೆ ರಸ್ತೆ ಕುಸಿದು, ಮುಂದೆ ಉಬ್ಬಿ, ಮತ್ತೆ ಕುಸಿದು ಅಲೆ ಅಲೆ ಆಗಿತ್ತು.

ಮೊದಲನೇ ಅಲೆಗೆ ಗಾಡಿ ಮೂತಿ ಕೆಳಗೆ ಹೋಯ್ತು, ಮೇಲೆ ಬಂತು. ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಎರಡನೇ ಅಲೆಗೆ ಇನ್ನೂ ಜಾಸ್ತಿ. ಮೂರನೇ ಸಲ ಮೂತಿ ಮೇಲೆದ್ದಾಗ ಅಣ್ಣ "ಸ್ಟೇರಿಂಗ್ ಹಗೂರ ಆತಲೇ" ಅಂದ. ಮುಂದಿನ ಗಾಲಿ ನೆಲವನ್ನ ಸರಿಯಾಗಿ ಹಿಡಿದಿರಲಿಲ್ಲ. ಎದುರಿಗೆ ಒಂದು ಬೈಕು, ಗಂಡ ಹೆಂಡತಿ, ನಡುವೆ ಒಂದು ಕೂಸು. ನಮ್ಮ ಗಾಡಿ ಅವರ ಕಡೆಗೆ ವಾಲ್ತಾ ಹೋಯ್ತು. ಅಣ್ಣ ಬ್ರೇಕ್ ಹಾಕಿದ, ಮೂತಿ ನೆಲಕ್ಕೆ ಕುತ್ತಿತು, ಹಿಂಭಾಗ ಎದ್ದಿತು. ಬೈಕಿನವರು ಒಂದು ಮಾರು ದೂರದಲ್ಲಿ ದಾಟಿ ಹೋದರು.

ದೊಡ್ಡವ್ವ ಸೀಟಿನಿಂದ ಎದ್ದು ಬಿದ್ದಿದ್ದರು. ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಆ ರಾತ್ರಿ ಅಣ್ಣ ಬೈಯಲಿಲ್ಲ. "ಮೆತ್ತಗಿದ್ದರ ಆರಾಮ ಅಂತ ನೀನ ಹೇಳಿದ್ದಿ ನೋಡ" ಅಂದ, ಅಷ್ಟೇ. ಬೈದಿದ್ದರೆ ಚಲೋ ಇತ್ತು.

ತೊಟ್ಟಿಲು ಮತ್ತು ಕೈ

ಹುಬ್ಬಳ್ಳಿಯಲ್ಲಿ ಒಬ್ಬ ಮಿಸ್ತ್ರಿ ಕಾಕಾ ಇದ್ದಾರೆ. ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಏರ್ ಸಸ್ಪೆನ್ಷನ್ ಅಂದರೆ ಅವರಿಗೆ ಹೊಸದಲ್ಲ. ನಮ್ಮ ಕಡೆ ಸಾಮಾನ್ಯ ಜನಕ್ಕೆ ಏರ್ ಸಸ್ಪೆನ್ಷನ್ ಪರಿಚಯ ಆಗಿದ್ದೇ ಬಸ್ಸಿನಿಂದ. 2001ರಲ್ಲಿ ವೋಲ್ವೋ ಬಿ7ಆರ್ ಬಸ್ಸು ಭಾರತಕ್ಕೆ ಬಂತು. ಆಮೇಲೆ ಖಾಸಗಿ ಸ್ಲೀಪರ್ ಬಸ್ಸಿನವರೂ ಗಾಜಿನ ಮೇಲೆ ದೊಡ್ಡದಾಗಿ "ಏರ್ ಸಸ್ಪೆನ್ಷನ್" ಅಂತ ಬರೆಸೋಕೆ ಶುರು ಮಾಡಿದರು. ಫೋರ್ ಬೈ ಫೋರ್ ಗಾಡಿಗಳಲ್ಲಿ ಅದಕ್ಕಿಂತ ಮುಂಚೆನೇ ಬಂದಿತ್ತು. 1992ರಲ್ಲಿ ರೇಂಜ್ ರೋವರ್‌ಗೆ ಎಲೆಕ್ಟ್ರಾನಿಕ್ ಏರ್ ಸಸ್ಪೆನ್ಷನ್ ಕೊಟ್ಟರು.

ಕಾಕಾ ಗಾಡಿಯ ಒಂದು ಮೂಲೆಯನ್ನ ಎರಡೂ ಕೈಯಿಂದ ಒತ್ತಿ ಬಿಟ್ಟರು. ಗಾಡಿ ಕುಣೀತಾನೇ ಇತ್ತು. ನಾನು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿದೆ. ಎಣಿಸಿದರೆ ನಾಲ್ಕು ಸಲ ಮೇಲೆ ಕೆಳಗೆ. ಆಮೇಲೆ ಟಾರ್ಚ್ ಹಿಡಿದು ಶಾಕ್ ನೋಡಿದರು. ಹಿಂದಿನ ಎರಡಕ್ಕೂ ಎಣ್ಣೆ ಸೋರಿ, ಮೇಲೆ ಧೂಳು ಮೆತ್ತಿ ಕರಿ ಲೇಪ ಆಗಿತ್ತು. ಟಯರಿನ ಮೇಲೆ ಕೈ ಆಡಿಸೋಕೆ ಹೇಳಿದರು. ಅಲ್ಲಲ್ಲಿ ಗುಳಿ ಗುಳಿ ಸವೆದಿತ್ತು. ಗಾಲಿ ನೆಲ ಬಿಟ್ಟು ಬಿಟ್ಟು ಬಡಿದಾಗ ಹಾಗೆ ಸವೆಯುತ್ತೆ.

ನಾನು ಕೇಳಿದೆ, "ಕಾಕಾ, ಗಾಳಿ ಬಲೂನ್ ಚಲೋ ಅದಾವಲ್ರಿ? ಮತ್ಯಾಕ ಹಿಂಗ?"

ಅವರು ಹೇಳಿದ್ದು ಇದು. "ತೊಟ್ಟಿಲ ನೋಡಿಯೇನು? ಹಗ್ಗ ಕೂಸಿನ ಭಾರ ಹೊರತೈತಿ. ಹಗ್ಗ ಎಷ್ಟ ಗಟ್ಟಿ ಇದ್ರೂ ತೊಟ್ಟಿಲ ತೂಗೂದು ತಾನಾಗಿ ನಿಲ್ಲೂದುಲ್ಲ. ಯಾರರ ಕೈ ಹಚ್ಚಿ ನಿಲ್ಲಸಬೇಕು. ಬಲೂನ್ ಅಂದ್ರ ಹಗ್ಗ. ಶಾಕ್ ಅಂದ್ರ ಕೈ. ನಿಮ್ಮ ಗಾಡ್ಯಾಗ ಹಗ್ಗ ಐತಿ, ಕೈ ಇಲ್ಲ."

ಇದಕ್ಕಿಂತ ಸರಳವಾಗಿ ಹೇಳೋಕೆ ನನಗೆ ಬರಲ್ಲ. ಆದರೂ ಒಳಗೆ ಏನಾಗುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಏರ್ ಸಸ್ಪೆನ್ಷನ್‌ನಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ರಬ್ಬರಿನ ಬಲೂನ್ ಇರುತ್ತೆ. ಕಂಪ್ರೆಸರ್ ಗಾಳಿ ತುಂಬುತ್ತೆ. ಗಾಡಿ ಎಷ್ಟು ಎತ್ತರ ಇದೆ ಅಂತ ಸೆನ್ಸರ್ ಹೇಳುತ್ತೆ. ಹಿಂದೆ ನಾಲ್ಕು ಚೀಲ ಹಾಕಿದರೆ ಗಾಡಿ ಕುಸಿಯುತ್ತೆ, ತಕ್ಷಣ ಗಾಳಿ ತುಂಬಿ ಮೊದಲಿನ ಎತ್ತರಕ್ಕೆ ತರುತ್ತೆ. ಇಷ್ಟೂ ಕೆಲಸ ಭಾರ ಹೊರೋದು, ಎತ್ತರ ಕಾಯೋದು. ಕುಣಿತ ನಿಲ್ಲಿಸೋ ಕೆಲಸ ಇದರಲ್ಲಿ ಇಲ್ಲ.

ಶಾಕ್ ಅಂದರೆ ಎಣ್ಣೆ ತುಂಬಿದ ಕೊಳವೆ, ಒಳಗೆ ಪಿಸ್ಟನ್. ಪಿಸ್ಟನ್‌ನಲ್ಲಿ ಸಣ್ಣ ತೂತುಗಳು, ತೆಳು ತಗಡಿನ ವಾಲ್ವ್‌ಗಳು. ಗಾಲಿ ಮೇಲೆ ಕೆಳಗೆ ಆದಾಗ ಎಣ್ಣೆ ಆ ತೂತಿನಲ್ಲಿ ನುಸುಳಬೇಕು. ಕಷ್ಟಪಟ್ಟು ನುಸುಳುತ್ತೆ, ಕುಣಿತದ ಶಕ್ತಿ ಅಲ್ಲಿ ಶಾಖ ಆಗಿ ಹೋಗುತ್ತೆ. ದೂರ ಓಡಿಸಿದ ಮೇಲೆ ಶಾಕ್ ಮುಟ್ಟಿ ನೋಡಿದರೆ ಬಿಸಿ ಇರೋದು ಅದಕ್ಕೇ. ಹುಷಾರು, ಕಲ್ಲು ದಾರಿಯಲ್ಲಿ ಓಡಿಸಿದ ಮೇಲಾದರೆ ಕೈ ಸುಡುತ್ತೆ.

ಬಿಕಾಂ ಓದಿದವನಿಗೆ ಅರ್ಥ ಆದ ರೀತಿ

ನಾನು ಕಾಮರ್ಸ್ ಓದಿದವನು. ನನಗೆ ಇದು ಅರ್ಥ ಆಗಿದ್ದು ಡಿಪ್ರಿಸಿಯೇಷನ್ ಲೆಕ್ಕದಿಂದ. ರಿಟನ್ ಡೌನ್ ವ್ಯಾಲ್ಯೂ ಪದ್ಧತಿ ಅಂತ ಇರುತ್ತಲ್ಲ, ಪ್ರತಿ ವರ್ಷ ಉಳಿದ ಬೆಲೆಯ ಇಷ್ಟು ಪರ್ಸೆಂಟ್ ಕಳೀತಾ ಹೋಗೋದು, ಕುಣಿತ ಸತ್ತು ಹೋಗೋದೂ ಹೆಚ್ಚುಕಡಿಮೆ ಹಾಗೇ.

ಗಾಡಿ 10 ಸೆಂಟಿಮೀಟರ್ ಎದ್ದಿತು ಅಂತ ಇಟ್ಕೊಳ್ರಿ. ಸವೆದ ಶಾಕ್ ಒಂದು ಸುತ್ತು ಕುಣಿತಕ್ಕೆ ಅರ್ಧ ಮಾತ್ರ ತಿಂದರೆ, 10 ಇದ್ದದ್ದು 5, ಆಮೇಲೆ ಎರಡೂವರೆ, ಆಮೇಲೆ ಒಂದೂಕಾಲು. ಮೂರು ಸುತ್ತಾದರೂ ಗಾಡಿ ಕುಣೀತಾನೇ ಇದೆ. ಸರಿಯಾದ ಶಾಕ್ ಒಂದು ಸುತ್ತಿಗೆ 80 ಪರ್ಸೆಂಟ್ ತಿಂದರೆ, 10 ಇದ್ದದ್ದು 2, ಆಮೇಲೆ 4 ಮಿಲಿಮೀಟರ್. ಎರಡೇ ಸುತ್ತಿಗೆ ಖಾತೆ ಬಂದ್.

ಈಗ ನಮ್ಮ ರಸ್ತೆ ತಗೊಳ್ರಿ. ಏರ್ ಸಸ್ಪೆನ್ಷನ್ ಗಾಡಿಯ ಮೈ ಸೆಕೆಂಡಿಗೆ ಒಂದು ಸಲದ ಆಸುಪಾಸಿನಲ್ಲಿ ಕುಣಿಯುತ್ತೆ. 60ರ ವೇಗ ಅಂದರೆ ಸೆಕೆಂಡಿಗೆ ಸುಮಾರು 16, 17 ಮೀಟರ್. ಅಂದರೆ ರಸ್ತೆ ಅಲೆಗಳ ನಡುವೆ 16, 17 ಮೀಟರ್ ಅಂತರ ಇದ್ದರೆ, ಗಾಡಿ ಮೇಲೇಳೋ ಹೊತ್ತಿಗೆ ಸರಿಯಾಗಿ ಇನ್ನೊಂದು ಅಲೆ ಬಂದು ದೂಡುತ್ತೆ. ಜೋಕಾಲಿ ತಿರುಗಿ ಬರೋ ಹೊತ್ತಿಗೆ ಸರಿಯಾಗಿ ನೂಕಿದ ಹಾಗೆ. ಹಳೇ ಕುಣಿತ ಸಾಯೋ ಮುಂಚೆ ಹೊಸದು ಬಂದು ಕೂಡಿಕೊಳ್ಳುತ್ತೆ. ಆ ಸಂಜೆ ಆಗಿದ್ದು ಇದೇ.

ಇಂಥ ಅಲೆ ನಮ್ಮ ಭಾಗದಲ್ಲಿ ಯಾಕೆ ಜಾಸ್ತಿ? ಎರಿ ಮಣ್ಣು. ಅದರಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜ ಇರುತ್ತೆ. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತೆ. ಬ್ಯಾಸಗಿಯಲ್ಲಿ ಹೊಲದ ಬಿರುಕಿನಲ್ಲಿ ಕಾಲು ಸಿಕ್ಕೊಂಡಿದ್ದು ನಿಮಗೂ ನೆನಪಿರಬೇಕು. ಅದೇ ಮಣ್ಣಿನ ಮೇಲೆ ರಸ್ತೆ ಮಾಡಿದರೆ, ಬುನಾದಿ ಗಟ್ಟಿ ಇಲ್ಲದ ಕಡೆ ಡಾಂಬರೂ ಅದರ ಜೊತೆ ಏಳುತ್ತೆ, ಬೀಳುತ್ತೆ. ಸೇತುವೆ ಮಾತ್ರ ಇದ್ದಲ್ಲೇ ಇರುತ್ತೆ, ಎರಡೂ ಕಡೆ ಮಣ್ಣು ಕುಸಿಯುತ್ತೆ. ತೆಗ್ಗು ಕಣ್ಣಿಗೆ ಕಾಣುತ್ತೆ, ಬ್ರೇಕ್ ಹಾಕ್ತೀವಿ. ಈ ಅಲೆ ಕಾಣಲ್ಲ.

ಇನ್ನೊಂದು ವಿಷಯ ಕಾಕಾ ಹೇಳಿದರು, ಇದನ್ನ ನಾನು ಎಲ್ಲೂ ಕೇಳಿರಲಿಲ್ಲ. ಬಲೂನ್ ಭಾರಕ್ಕೆ ತಕ್ಕ ಹಾಗೆ ಗಟ್ಟಿ ಆಗುತ್ತೆ. ಸಾದಾ ಶಾಕ್ ಬದಲಾಗಲ್ಲ, ಖಾಲಿ ಗಾಡಿಗೂ ತುಂಬಿದ ಗಾಡಿಗೂ ಅದೇ ಶಕ್ತಿ. ಲೆಕ್ಕ ಹಾಕಿದರೆ, ತೂಕ ಕಾಲುಭಾಗ ಹೆಚ್ಚಾದಾಗ ಶಾಕಿನ ಹಿಡಿತ ಸುಮಾರು ಐದನೇ ಒಂದು ಭಾಗ ಕಡಿಮೆ ಆದ ಹಾಗೆ. ಉಕ್ಕಿನ ಸ್ಪ್ರಿಂಗ್ ಗಾಡಿ ಆದರೆ ಹಿಂದೆ ಕುಸಿದು "ಭಾರ ಜಾಸ್ತಿ ಆತು" ಅಂತ ತೋರಿಸುತ್ತೆ. ಏರ್ ಗಾಡಿ ನೆಟ್ಟಗೆ ನಿಂತಿರುತ್ತೆ, ಏನೂ ಆಗಿಲ್ಲ ಅನ್ನೋ ಹಾಗೆ. ನಾವು ಮೋಸ ಹೋಗೋದು ಇಲ್ಲೇ.

ಮೊದಲ ರಿಪೇರಿ: ಇನ್ನೊಂದು ತಪ್ಪು

ನೀವು ಅನ್ಕೋಬಹುದು, ಗೊತ್ತಾಯ್ತಲ್ಲ, ಶಾಕ್ ಬದಲಿಸಿದರೆ ಮುಗೀತು ಅಂತ. ನಮ್ಮ ಬುದ್ಧಿ ಅಷ್ಟು ಬೇಗ ತಿದ್ದಲ್ಲ. ಮೆತ್ತಗಿದ್ದು ತೊಂದರೆ ಆಯ್ತು ಅಂದ ಮೇಲೆ ಗಟ್ಟಿ ಇದ್ದರೆ ಚಲೋ ಅಂತ ತೀರ್ಮಾನ ಮಾಡಿದ್ವಿ. ಕಾಕಾ ಬೇಡ ಅಂದರೂ ಕೇಳದೆ ಅಣ್ಣ ಬೇರೆ ಕಡೆಯಿಂದ ಸಿಕ್ಕದ್ದರಲ್ಲಿ ಎಲ್ಲಕ್ಕಿಂತ ಬಿಗಿ ಇರೋ ನಾಲ್ಕು ಶಾಕ್ ತರಿಸಿದ. 38 ಸಾವಿರ ರೂಪಾಯಿ.

ಅಲೆ ಅಲೆ ರಸ್ತೆಯಲ್ಲಿ ಗಾಡಿ ಗೋಡೆ ಹಾಗೆ ನಿಂತಿತು. ಖುಷಿಯಾಯ್ತು. ಮರುದಿನ ಗುಡ್ಡದ ದಾರಿಗೆ ಹೋದ. ಗರಸಿನ ದಾರಿ ಸಣ್ಣ ಸಣ್ಣ ಏಣಿ ಮೆಟ್ಟಿಲ ಹಾಗೆ ಆಗಿರುತ್ತಲ್ಲ, ಅಲ್ಲಿ ಗಾಡಿ ಪಕ್ಕಕ್ಕೆ ಜಾರೋಕೆ ಶುರು ಆಯ್ತು. ಇದಕ್ಕೂ ಲೆಕ್ಕ ಇದೆ. ಆ ಏರಿಳಿತಗಳ ನಡುವೆ ಮುಕ್ಕಾಲು ಮೀಟರ್ ಚಿಲ್ಲರೆ ಅಂತರ ಇದ್ದರೆ, 40ರ ವೇಗದಲ್ಲಿ ಗಾಲಿ ಸೆಕೆಂಡಿಗೆ 14 ಸಲದಷ್ಟು ಬಡೀತದೆ. ಗಾಲಿ ಪಟಪಟ ಅಂತ ಕೆಳಗಿಳಿದು ನೆಲ ಹಿಡೀಬೇಕು. ಬಿಗಿ ಶಾಕ್ ಅದನ್ನ ಇಳಿಯೋಕೆ ಬಿಡಲ್ಲ, ಗಾಲಿ ಏಣಿಯ ನೆತ್ತಿಯಿಂದ ನೆತ್ತಿಗೆ ಹಾರ್ತಾ ಹೋಗುತ್ತೆ. ನೆಲ ಮುಟ್ಟದ ಗಾಲಿಗೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ.

ಇನ್ನು ದೊಡ್ಡವ್ವ. ಒಂದೇ ಸಲ ಕೂತರು. "ಇದಕ್ಕಿಂತ ನಮ್ಮ ಚಕ್ಕಡಿ ಚಲೋ ಇತ್ತು" ಅಂದರು. ಕೂತ ಮನುಷ್ಯನ ಮೈ ಸೆಕೆಂಡಿಗೆ 4ರಿಂದ 8 ಸಲದ ಮೇಲೆ ಕೆಳಗಿನ ಅಲುಗಾಟಕ್ಕೆ ಎಲ್ಲಕ್ಕಿಂತ ಹೆಚ್ಚು ನೊಂದುಕೊಳ್ಳುತ್ತೆ, ಬೆನ್ನೆಲುಬಿಗೆ ಅದು ನೇರ ಹೋಗುತ್ತೆ. ಬಿಗಿ ಶಾಕ್ ದೊಡ್ಡ ಕುಣಿತ ತಡೀತು, ಈ ಸಣ್ಣ ಅಲುಗಾಟವನ್ನ ಹಾಗೇ ಸೀಟಿಗೆ ತಂದು ಒಪ್ಪಿಸಿತು.

ಅಣ್ಣ ಮಾತ್ರ ಬಿಚ್ಚಿಸೋಕೆ ತಯಾರಿಲ್ಲ. "38 ಸಾವಿರ ಕೊಟ್ಟೀನಿ" ಅಂತ. ಹೋದ ದುಡ್ಡು ಹೋಯ್ತು, ಅದನ್ನ ನೋಡಿ ಮುಂದಿನ ನಿರ್ಧಾರ ಮಾಡಬಾರದು ಅಂತ ಕಾಲೇಜಿನಲ್ಲಿ ಸಂಕ್ ಕಾಸ್ಟ್ ಪಾಠ ಓದಿದ್ದೆ. ಪರೀಕ್ಷೆಯಲ್ಲಿ ಬರೆಯೋದು ಸುಲಭ. ಮನೆಯಲ್ಲಿ ಹೇಳೋಕೆ ಹೋದರೆ "ನಿನ್ನ ಮಾತ ಕೇಳಿನ ಇಷ್ಟ ಆಗಿದ್ದು" ಅಂತಾರೆ. ಸರಿನೇ. ಕೊನೆಗೆ ಅವನು ಒಪ್ಪಿದ್ದು ನನ್ನ ಮಾತಿಗಲ್ಲ. ಫಿಸಿಯೋಥೆರಪಿಗೆ ಹೊರಡೋ ದಿನ ದೊಡ್ಡವ್ವ ಗಾಡಿ ಬಿಟ್ಟು ಬಸ್ ಸ್ಟ್ಯಾಂಡಿಗೆ ನಡೆದರು. ಅವತ್ತೇ ಫೋನ್ ಮಾಡಿ "ಕಾಕಾನ್ನ ಕೇಳು" ಅಂದ.

ಎರಡನೇ ಸಲ, ನಿಧಾನಕ್ಕೆ

ಕಾಕಾ ಶಾಕ್ ಹೆಸರು ಹೇಳೋ ಮುಂಚೆ ಟೇಪ್ ಹಿಡಿದರು. ಅವರು ಮಾಡಿದ್ದನ್ನ ಕ್ರಮವಾಗಿ ಹೇಳ್ತೀನಿ, ಇಂಥ ಗಾಡಿ ಇರೋರು ಬರೆದಿಟ್ಟುಕೊಳ್ರಿ.

ಮೊದಲನೇದು, ಸುರಕ್ಷತೆ. ಏರ್ ಸಸ್ಪೆನ್ಷನ್ ಗಾಡಿಯ ಕೆಳಗೆ ಬರೀ ಜ್ಯಾಕ್ ಕೊಟ್ಟು ಯಾವತ್ತೂ ತೂರಬಾರದು. ಗಾಳಿ ಇಳಿದರೆ ಗಾಡಿ ಎದೆ ಮೇಲೆ ಕೂರುತ್ತೆ. ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಡಬೇಕು. ಎತ್ತರ ಬದಲಿಸೋ ವ್ಯವಸ್ಥೆ ಬಂದ್ ಮಾಡಬೇಕು. ಬಲೂನ್ ಅಥವಾ ಅದರ ಪೈಪು ಬಿಚ್ಚೋದಾದರೆ ಮೊದಲು ಗಾಳಿ ಪೂರ್ತಿ ಬಿಡಬೇಕು.

ಎರಡನೇದು, ಸೋರಿಕೆ. ರಾತ್ರಿ ಗಾಡಿ ನಿಲ್ಲಿಸಿ ನಾಲ್ಕೂ ಮೂಲೆಯ ಎತ್ತರ ಅಳೆದು, ಬೆಳಗ್ಗೆ ಮತ್ತೆ ಅಳೆದ್ವಿ. ಹಿಂದಿನ ಎಡಗಡೆ ಇಳಿದಿತ್ತು. ಸಾಬೂನು ನೀರು ಹಚ್ಚಿದರೆ ಬಲೂನಿನ ಮಡಿಕೆಯಲ್ಲಿ ಗುಳ್ಳೆ. ಅದನ್ನ ಬದಲಿಸದೆ ಶಾಕ್ ಹಾಕಿದ್ದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟು ಹೋಗ್ತಿತ್ತು. ಬಲೂನ್ ಚಲೋ ಇವೆ ಅಂತ ನಾನು ಕಾಕಾಗೆ ಹೇಳಿದ್ದೆನಲ್ಲ, ಅದೂ ತಪ್ಪೇ.

ಮೂರನೇದು, ಉದ್ದ. ಇದು ಎಲ್ಲಕ್ಕಿಂತ ಮುಖ್ಯ. ಹೊಸ ಶಾಕ್ ಪೂರ್ತಿ ಎಳೆದಾಗ ಎಷ್ಟು ಉದ್ದ, ಪೂರ್ತಿ ಒತ್ತಿದಾಗ ಎಷ್ಟು, ಎರಡೂ ಹಳೇದಕ್ಕೆ ಹೊಂದಬೇಕು. ಬಹಳ ಗಾಡಿಗಳಲ್ಲಿ ಗಾಲಿ ಎಷ್ಟು ಕೆಳಗಿಳೀಬೇಕು ಅಂತ ತಡೆಯೋದೇ ಶಾಕ್. ಉದ್ದದ್ದು ಹಾಕಿದರೆ ಗಾಲಿ ಇನ್ನೂ ಇಳಿದು ಬಲೂನ್ ಜಗ್ಗಿ ಕಿತ್ತು ಬರಬಹುದು. ಗಿಡ್ಡದ್ದು ಹಾಕಿದರೆ ಗಾಡಿ ಎತ್ತರದ ಮೋಡಿನಲ್ಲಿದ್ದಾಗ ಶಾಕ್ ಆಗಲೇ ಪೂರ್ತಿ ಎಳೆದಿರುತ್ತೆ, ಗಾಲಿ ಇಳಿಯೋಕೆ ಜಾಗನೇ ಇರಲ್ಲ, ಪ್ರತಿ ತೆಗ್ಗಿಗೂ ಟಕ್ ಅಂತ ಬಡಿಯುತ್ತೆ. ಎತ್ತರದ ಮೋಡು ಇರೋದು ಕಲ್ಲು ದಾಟೋಕೆ, ನಿಧಾನಕ್ಕೆ. ಅಣ್ಣ ಸುಮ್ಮನೆ ಠೀವಿಗೆ ಅಂತ ದಿನಾ ಅದರಲ್ಲೇ ಓಡಿಸ್ತಿದ್ದ.

ನಾಲ್ಕನೇದು, ರಚನೆ. ನಮ್ಮ ಗಾಡಿಯಲ್ಲಿ ಬಲೂನ್ ಬೇರೆ, ಶಾಕ್ ಬೇರೆ. ಕೆಲವು ಗಾಡಿಗಳಲ್ಲಿ ಎರಡೂ ಒಂದೇ ಸ್ಟ್ರಟ್ ಆಗಿರುತ್ತೆ, ಅಲ್ಲಿ ಶಾಕ್ ಒಂದನ್ನೇ ಬದಲಿಸೋದು ಕಷ್ಟ. ಇನ್ನು ಕೆಲವಕ್ಕೆ ಶಾಕಿಗೆ ವೈರು ಇರುತ್ತೆ, ಕಂಪ್ಯೂಟರ್ ಅದರ ಬಿಗಿ ಬದಲಿಸುತ್ತೆ. ಅದರ ಜಾಗದಲ್ಲಿ ಸಾದಾ ಶಾಕ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹತ್ತುತ್ತೆ. ತಗೊಳ್ಳೋ ಮುಂಚೆ ಗಾಡಿ ಕೆಳಗೆ ನೋಡಿ.

ಐದನೇದು, ಎಂಥ ಶಾಕ್. ಕಾಕಾ ಆರಿಸಿದ್ದು ಮೋನೋಟ್ಯೂಬ್, ಬಿಗಿ ಹೊಂದಿಸೋಕೆ ತಿರುಗಣಿ ಇರೋದು. ಎರಡು ಕೊಳವೆಯ ಸಾದಾ ಶಾಕಿನಲ್ಲಿ ಉದ್ದಕ್ಕೆ ಒರಟು ದಾರಿ ಓಡಿಸಿದಾಗ ಎಣ್ಣೆ ಕಾದು ನೊರೆ ಆಗೋ ಸಂಭವ ಹೆಚ್ಚು. ಮಜ್ಜಿಗೆ ನೊರೆ ತೂತಿನಲ್ಲಿ ಸಲೀಸಾಗಿ ನುಸುಳೋ ಹಾಗೆ ನುಸುಳಿ, ಶಾಕ್ ಹಿಡಿತ ಬಿಡುತ್ತೆ. ಮೋನೋಟ್ಯೂಬಿನಲ್ಲಿ ಎಣ್ಣೆ ಮತ್ತು ನೈಟ್ರೋಜನ್ ನಡುವೆ ತೇಲೋ ಪಿಸ್ಟನ್ ಇರುತ್ತೆ, ಗ್ಯಾಸ್ ಒತ್ತಡ ಸುಮಾರು 20ರಿಂದ 30 ಬಾರ್. ಎಣ್ಣೆ ನೊರೆ ಆಗೋಕೆ ಬಿಡಲ್ಲ, ಒಂದೇ ಕೊಳವೆ ಆದ್ದರಿಂದ ಬಿಸಿನೂ ಬೇಗ ಹೊರಗೆ ಹೋಗುತ್ತೆ. ಅದರ ಕಷ್ಟ ಅಂದರೆ ಕಲ್ಲು ಬಡಿದು ಕೊಳವೆ ತಗ್ಗಿದರೆ ಪಿಸ್ಟನ್ ಸಿಕ್ಕಿಬೀಳುತ್ತೆ. ಅದಕ್ಕೆ ಗುಡ್ಡದ ದಾರಿಯವರು ಕೆಳಗೆ ಒಂದು ತಗಡಿನ ಗಾರ್ಡ್ ಹಾಕಿಸಬೇಕು, ನಾವೂ ಹಾಕಿಸಿದ್ವಿ.

ಆರನೇದು, ಯಾವ ಕಡೆಗೆ ಬಿಗಿ. ಶಾಕಿಗೆ ಎರಡು ಕೆಲಸ. ಗಾಲಿ ಮೇಲೆ ಬರುವಾಗ ಒತ್ತಿಸಿಕೊಳ್ಳೋದು, ಆಮೇಲೆ ಹಿಗ್ಗೋದು. ಸಾಮಾನ್ಯವಾಗಿ ಹಿಗ್ಗೋ ಕಡೆ ಹೆಚ್ಚು ಬಿಗಿ ಇಟ್ಟಿರ್ತಾರೆ, ಒತ್ತೋ ಕಡೆಗಿಂತ ಎರಡು ಮೂರು ಪಟ್ಟು. ಯಾಕಂದ್ರೆ ಕಲ್ಲು ಬಂದಾಗ ಗಾಲಿ ಬೇಗ ಮೇಲೆ ಬರಬೇಕು, ಇಲ್ಲಾಂದ್ರೆ ಹೊಡೆತ ಸೀಟಿಗೆ ಬರುತ್ತೆ. ಒತ್ತಿದ ಬಲೂನ್ ವಾಪಸ್ ಎಗರೋವಾಗ ಮಾತ್ರ ಜಗ್ಗಿ ಹಿಡೀಬೇಕು. ನಮ್ಮ ಮೊದಲನೇ ಸೆಟ್ಟು ಎರಡೂ ಕಡೆ ಬಿಗಿ ಇತ್ತು. ಹೊಸದರಲ್ಲಿ ಒತ್ತೋ ಕಡೆ ಹಳೇದಕ್ಕಿಂತ ಸ್ವಲ್ಪವೇ ಹೆಚ್ಚು, ಹಿಗ್ಗೋ ಕಡೆ ತಿರುಗಣಿ.

ನಾಲ್ಕಕ್ಕೂ 74 ಸಾವಿರ ಆಯ್ತು. ಹಳೇ ಬಿಗಿ ಸೆಟ್ಟು 20 ಸಾವಿರಕ್ಕೆ ಮಾರಿದ್ವಿ. ಬಲೂನು, ಹೊಸ ಬುಷ್, ಅಲೈನ್‌ಮೆಂಟ್ ಬೇರೆ. ಬುಷ್ ಹಳೇದೇ ಬಿಟ್ಟರೆ ಹೊಸ ಶಾಕ್ ಹಾಕಿಯೂ ಕಟಕಟ ಸಪ್ಪಳ ಹೋಗಲ್ಲ.

ಆಮೇಲೆ ಪರೀಕ್ಷೆ. ಗಾಡಿಯಲ್ಲಿ ಯಾರೂ ಕೂರದೆ, ಹಿಂದೆ ಶೇಂಗಾ ಚೀಲ ಹಾಕಿ, ಅದೇ ಸೇತುವೆಯ ಹತ್ತಿರ ಬೆಳಗಿನ ಜಾವ ರಸ್ತೆ ಖಾಲಿ ಇದ್ದಾಗ ಅಣ್ಣ ಒಬ್ಬನೇ 40, 50, 60ರಲ್ಲಿ ಓಡಿಸಿದ. ನಾನು ರಸ್ತೆ ಪಕ್ಕ ನಿಂತು ವಿಡಿಯೋ ಮಾಡಿದೆ. ಒಂದೊಂದು ಸಲಕ್ಕೆ ತಿರುಗಣಿ ಒಂದೊಂದು ಕ್ಲಿಕ್. ಖಾಲಿ ಗಾಡಿಗೆ ಸರಿ ಅನ್ನಿಸಿದ್ದು ತುಂಬಿದ ಗಾಡಿಗೆ ಎರಡು ಕ್ಲಿಕ್ ಕಡಿಮೆ ಬಿತ್ತು. ಕಾಕಾ ಹೇಳಿದ್ದು ಕಣ್ಣಾರೆ ಕಂಡೆ. ಕೊನೆಗೆ ಒಂದೂವರೆ ಸುತ್ತಿಗೆ ಕುಣಿತ ನಿಂತಿತು. ಅಲ್ಲಿಗೆ ಬಿಟ್ಟ್ವಿ. ಇನ್ನೂ ಬಿಗಿ ಮಾಡೋಕೆ ಜಾಗ ಇತ್ತು, ಮಾಡಲಿಲ್ಲ.

ಕಾನೂನು, ಮತ್ತೆ ಒಂದು ಪ್ರಶ್ನೆ

ಬಹಳ ಜನ ಕೇಳ್ತಾರೆ, ಗಾಳಿನೇ ತೆಗೆದು ಉಕ್ಕಿನ ಸ್ಪ್ರಿಂಗ್ ಹಾಕಿಸಿಬಿಟ್ಟರೆ ಹೇಗೆ ಅಂತ. ಖರ್ಚು ಕಡಿಮೆ ಆಗಬಹುದು, ಸೋರಿಕೆ ಚಿಂತೆ ಇಲ್ಲ. ಆದರೆ ಎತ್ತರ ಬದಲಿಸೋದು ಹೋಗುತ್ತೆ, ಭಾರಕ್ಕೆ ತಕ್ಕ ಹಾಗೆ ಸಮ ಆಗೋದು ಹೋಗುತ್ತೆ. ಇನ್ನೊಂದು ತೊಡಕೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿ ಮಾರ್ಪಾಡಿನ ಬಗ್ಗೆ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸವೆದ ಶಾಕ್ ತೆಗೆದು ಅದೇ ಅಳತೆಯದ್ದು ಹಾಕೋದಕ್ಕೂ, ಸಸ್ಪೆನ್ಷನ್ ಪದ್ಧತಿನೇ ಬದಲಿಸೋದಕ್ಕೂ ವ್ಯತ್ಯಾಸ ಇದೆ. ದೊಡ್ಡ ಬದಲಾವಣೆ ಮಾಡೋರು ಮೊದಲು ಆರ್‌ಟಿಓ ಕಚೇರಿ ಮತ್ತು ವಿಮೆಯವರ ಹತ್ತಿರ ಕೇಳಿಕೊಂಡು ಮಾಡ್ರಿ. ಅಪಘಾತ ಆದ ಮೇಲೆ ಕೇಳೋದಲ್ಲ.

ಕೊನೆಗೆ

ಹೋದ ವಾರ ದೊಡ್ಡವ್ವನ್ನ ಕರ್ಕೊಂಡು ಗದಗಿಗೆ ಹೋಗಿದ್ವಿ. ಆ ಸೇತುವೆ ಬಂದಾಗ ನಾನು ಹಿಡಿಕೆ ಹಿಡ್ಕೊಂಡೆ, ಅಣ್ಣ ವೇಗ ಇಳಿಸಿದ. ಶಾಕ್ ಚಲೋ ಆಗಿದೆ ಅಂತ ಅಲ್ಲಿ 60ರಲ್ಲಿ ಹೋಗೋ ಧೈರ್ಯ ನಮಗಿಬ್ಬರಿಗೂ ಇಲ್ಲ, ಬೇಕಾಗೂ ಇಲ್ಲ. ಹಿಂದೆ ತಿರುಗಿ "ಹೆಂಗೈತಿ ದೊಡ್ಡವ್ವ?" ಅಂದೆ. ಉತ್ತರ ಇಲ್ಲ. ನಿದ್ದೆ ಮಾಡ್ತಾ ಇದ್ದರು.

ಹಳೇ ಕಂತನ್ನ ನಾನು ಅಳಿಸಿಲ್ಲ. ಅದರ ಶುರುವಿಗೆ ನನ್ನದೇ ದನಿಯಲ್ಲಿ ಒಂದು ತಿದ್ದುಪಡಿ ಸೇರಿಸಿದ್ದೀನಿ. ಅದನ್ನ ಕೇಳಿ ಯಾರಾದರೂ ಶಾಕ್ ನೋಡದೆ ಏರ್ ಸಸ್ಪೆನ್ಷನ್ ಗಾಡಿ ತಗೊಂಡಿದ್ದರೆ ಕ್ಷಮೆ ಇರಲಿ. ನಾಳೆ ಬೆಳಗ್ಗೆ ಎದ್ದು ಒಂದು ಕೆಲಸ ಮಾಡ್ರಿ. ನಾಲ್ಕೂ ಮೂಲೆ ಒತ್ತಿ ಬಿಡ್ರಿ, ಎಷ್ಟು ಸಲ ಕುಣಿಯುತ್ತೆ ಎಣಿಸ್ರಿ. ಇದು ಪೂರ್ತಿ ಪರೀಕ್ಷೆ ಅಲ್ಲ, ಅಂದಾಜು ಸಿಗುತ್ತೆ. ಶಾಕ್ ಮೇಲೆ ಎಣ್ಣೆ ಇದೆಯಾ ನೋಡ್ರಿ, ಟಯರ್ ಮೇಲೆ ಕೈ ಆಡಿಸ್ರಿ. ಅನುಮಾನ ಬಂದರೆ ಗೊತ್ತಿರೋ ಮಿಸ್ತ್ರಿ ಹತ್ತಿರ ಹೋಗ್ರಿ, ಪಾಡ್‌ಕಾಸ್ಟ್ ಮಾಡೋ ಹುಡುಗನ ಮಾತು ಕೇಳಿ ಸುಮ್ಮನೆ ಕೂರಬೇಡ್ರಿ.

ಮಳಿ ಜೋರಾತು, ಇನ್ನ ಮಾತಾಡಿದ್ರ ಏನೂ ಕೇಳಂಗಿಲ್ಲ. ಮುಂದಿನ ಕಂತಿನಾಗ ಸಿಗೂಣು. ಸಾವಕಾಶ ಓಡಸ್ರಿ. ನಮಸ್ಕಾರ.